ಬ್ಯಾಟರಿ ಡೌನ್, ಗೇರ್ ಲಿವರ್ ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ನಮ್ಮದು ಸಿವಿಟಿ (ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಕಾರು. ಮೂರು ವಾರ ಊರಲ್ಲಿದ್ದು ಬಂದೆವು, ಈಗ ಡೋರ್ ಲೈಟ್ ಕೂಡ ಹತ್ತುತ್ತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತಿದೆ, ನೆಲ ಸ್ವಲ್ಪ ಇಳಿಜಾರು. ಟೋಯಿಂಗ್ ಲಾರಿ ಒಳಗೆ ಹಿಡಿಸಲ್ಲ. ಸೆಕ್ಯೂರಿಟಿಯವರು ನಾಲ್ಕು ಜನ ಸೇರಿ ರ‍್ಯಾಂಪ್ ಮೇಲೆ ತಳ್ಳುತ್ತೇವೆ ಅಂತಿದ್ದಾರೆ, ಆದರೆ ಬ್ರೇಕ್ ಒತ್ತಿದರೂ ಲಿವರ್ ಅಲ್ಲಾಡುತ್ತಿಲ್ಲ. ಜೋರಾಗಿ ಎಳೆಯಬಹುದಾ?

ಉತ್ತರ 1:
ದಯವಿಟ್ಟು ಎಳೆಯಬೇಡಿ. ಬ್ರೇಕ್ ಒತ್ತಿದಾಗ ಲಿವರ್‌ನ ಲಾಕ್ ಬಿಡಿಸುವುದು ಸೊಲೆನಾಯ್ಡ್ ಎಂಬ ಸಣ್ಣ ವಿದ್ಯುತ್ ಸ್ವಿಚ್ಚಿನಂಥ ಭಾಗ, ಅದಕ್ಕೆ ಕರೆಂಟ್ ಬೇಕು. ಕರೆಂಟ್ ಇಲ್ಲದಾಗ ಬಿಡಿಸಲಿಕ್ಕೆ ಅಂತಲೇ ತುಂಬ ಕಾರುಗಳಲ್ಲಿ ಲಿವರ್ ಪಕ್ಕ ಬೆರಳ ತುದಿಯಷ್ಟು ಒಂದು ಮುಚ್ಚಳ ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ 'ಶಿಫ್ಟ್ ಲಾಕ್' ಅಂತ ಹುಡುಕಿ. ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ. ಕೀ ಆನ್ ಮಾಡಿ, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗೇ ಇರುತ್ತದೆ. ಆಮೇಲೆ ಮುಚ್ಚಳ ತೆಗೆದು, ಬ್ರೇಕ್ ಒತ್ತಿ ಹಿಡಿದು, ಸ್ಕ್ರೂಡ್ರೈವರ್‌ನಿಂದ ಒಳಗೆ ಒತ್ತಿಕೊಂಡೇ ಲಿವರ್ ನ್ಯೂಟ್ರಲ್‌ಗೆ ತನ್ನಿ.

ಉತ್ತರ 2:
ಇಳಿಜಾರು ಅಂದಿರಲ್ಲ, ನನಗೆ ಭಯ ಅದೇ. ಪಾರ್ಕ್‌ನಲ್ಲಿ ಗೇರ್‌ಬಾಕ್ಸಿನೊಳಗೆ ಒಂದು ಕೊಕ್ಕೆ ಹಲ್ಲುಚಕ್ರವನ್ನು ಹಿಡಿದಿರುತ್ತದೆ. ಲಿವರ್ ನ್ಯೂಟ್ರಲ್‌ಗೆ ಬಂದ ಕೂಡಲೇ ಅದು ಬಿಟ್ಟುಬಿಡುತ್ತದೆ. ಎಂಜಿನ್ ಆಫ್ ಇದ್ದರೆ ಬ್ರೇಕ್ ಪೆಡಲ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಪೂರ್ತಿ ಬಲ ಹಾಕಿ ತುಳಿಯಬೇಕು. ನಮ್ಮ ಕಾರನ್ನು ಹೀಗೇ ಬಿಡಿಸಿದಾಗ ಹಿಂದಕ್ಕೆ ಜಾರಿ ಕಂಬಕ್ಕೆ ಹೊಡೆಯಿತು, ನನ್ನ ತಮ್ಮ ಅಲ್ಲೇ ನಿಂತಿದ್ದ, ಒಂದು ಹೆಜ್ಜೆಯಲ್ಲಿ ಉಳಿದುಕೊಂಡ. ಟೈರ್‌ಗೆ ಇಳಿಜಾರಿನ ಕಡೆ ದಪ್ಪ ಕಲ್ಲು ಕೊಡಿ, ಆ ಕಡೆ ಯಾರೂ ನಿಲ್ಲಬಾರದು. ಒಂದು ಟನ್‌ಗಿಂತ ಜಾಸ್ತಿ ಇರುವ ಗಾಡಿಯನ್ನು ನಾಲ್ಕು ಜನ ರ‍್ಯಾಂಪ್ ಹತ್ತಿಸುವುದಂತೂ ಬೇಡವೇ ಬೇಡ.

ಅಷ್ಟಕ್ಕೂ ಹೋಗಿರುವುದು ಬ್ಯಾಟರಿ ಮಾತ್ರ ಅಲ್ವಾ? ನ್ಯೂಟ್ರಲ್ ಯಾಕೆ ಬೇಕು? ನಿಂತಲ್ಲೇ ಜಂಪ್ ಸ್ಟಾರ್ಟ್ ಮಾಡಿ, ಅಂದರೆ ಇನ್ನೊಂದು ಕಾರಿನ ಒಳ್ಳೆ ಬ್ಯಾಟರಿಯಿಂದ ಕೇಬಲ್‌ನಲ್ಲಿ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ. ಕೆಂಪು ಕೇಬಲ್‌ನ ಎರಡು ತುದಿ ಎರಡೂ ಬ್ಯಾಟರಿಗಳ ಪ್ಲಸ್‌ಗೆ, ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ.

ಉತ್ತರ 3:
ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ತಾನಾಗಿ ಬದಲಿಸುವ ಬಗೆ) ಇರುವವರು ಗಮನಿಸಿ, ನಮ್ಮಲ್ಲಿ ಹೆಚ್ಚಿನ ಎಎಂಟಿಗಳಿಗೆ ಪಾರ್ಕ್ ಇಲ್ಲ, ಗೇರ್‌ನಲ್ಲೇ ಬಿಟ್ಟಿರುತ್ತೇವೆ. ಕರೆಂಟ್ ಹೋದರೆ ಲಿವರ್ ಅಲ್ಲಾಡಿಸಿದರೂ ಒಳಗಿನ ಗೇರ್ ಬಿಡುವುದಿಲ್ಲ, ಲಿವರ್ ನೋಡಿ ನ್ಯೂಟ್ರಲ್ ಆಯಿತು ಅಂದುಕೊಳ್ಳಬೇಡಿ. ಬಟನ್ ಗೇರ್, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೂ ಮೊದಲು ಕರೆಂಟ್ ಕೊಡಬೇಕು. ಇನ್ನೊಂದು, ಸಿವಿಟಿಯಂಥ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ದೂರ ಎಳೆಯಬೇಡಿ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಓಡಲ್ಲ, ಒಳಗೆಲ್ಲ ಒಣಗಿ ತಿಕ್ಕಾಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕಲ್ಲು ಕೊಟ್ಟು, ಪಕ್ಕದ ಮನೆಯವರ ಕಾರಿನಿಂದ ಜಂಪ್ ಮಾಡಿದೆವು, ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಮುಚ್ಚಳವೂ ಸಿಕ್ಕಿತು, ಲಿವರ್‌ನ ಬಲಗಡೆ ಇದೆ, ಮನೆಯವರಿಗೂ ತೋರಿಸಿಟ್ಟಿದ್ದೇನೆ. ಸೀದಾ ಬ್ಯಾಟರಿ ಅಂಗಡಿಗೆ ಹೋಗುತ್ತಿದ್ದೇನೆ.