ಹೊಸದಾಗಿ ತಂದ ಹಳೆ ಜೀಪು: ಬೆಳಿಗ್ಗೆ ಸ್ಟಾರ್ಟ್ ಇಲ್ಲ, 40ರಲ್ಲಿ ನಡುಕ

ಪ್ರಶ್ನೆ (ಮುಳ್ಳೇರಿಯದ ಸದಸ್ಯರು):
ಅಣ್ಣಾ, ನಮಸ್ಕಾರ. ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಉಂಟು, ಗುಡ್ಡದ ದಾರಿ. ಹೋದ ತಿಂಗಳು ಸುಳ್ಯ ಕಡೆಯಿಂದ 1993ರ ಮಹೀಂದ್ರ ಎಂಎಂ 540 ಜೀಪು ತಂದೆ. ಪ್ಯೂಜೋ ಇಂಜಿನ್, ನಾಲ್ಕು ಗೇರು, ಫೋರ್ ವೀಲ್. ಬಾಡಿ ಗಟ್ಟಿ ಉಂಟು, ಚಾಸಿಯಲ್ಲಿ ತುಕ್ಕು ಇಲ್ಲ. ಸಣ್ಣಂದಿನಿಂದ ಇದ್ದ ಆಸೆ, ಮನೆಯವರೆಲ್ಲ ಖುಷಿಯಲ್ಲಿದ್ದೇವೆ. ಆದರೆ ತಂದ ಮೇಲೆ ಒಂದೊಂದೇ ತೊಂದರೆ ಕಾಣಿಸುತ್ತಿದೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಒಮ್ಮೆ ಆದರೆ ಇಡೀ ದಿನ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ 40–45ರಲ್ಲಿ ಹೋಗುವಾಗ ಒಂದು ಹೊಂಡಕ್ಕೆ ಬಿದ್ದರೆ ಸಾಕು, ಮುಂದಿನ ಚಕ್ರಗಳೆರಡೂ ಪಡಪಡ ಬಡಿಯುತ್ತವೆ, ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ತೆಗೆದು ನೋಡಿ 'ಡೀಸಲ್ ಪಂಪ್ ಹೋಗಿದೆ, ಇಪ್ಪತ್ತು ಸಾವಿರ ಆಗಬಹುದು' ಅಂದರು. ನಡುಕಕ್ಕೆ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಅಲುಗಾಟ ಹೀರುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂದರು. ಮಾಡಿಸಲಾ?

ಉತ್ತರ (ಬದಿಯಡ್ಕದ ಮೆಕ್ಯಾನಿಕ್):
ಮಾಷ್ಟ್ರೇ, ಪಂಪ್ ಬಿಚ್ಚಲಿಕ್ಕೆ ಕೊಡಬೇಡಿ. ಪಂಪ್ ಹೋಗಿದ್ದರೆ ಮಧ್ಯಾಹ್ನವೂ ತೊಂದರೆ ಕೊಡ್ತಿತ್ತು, ಏರು ಹತ್ತುವಾಗಲೂ ಕೊಡ್ತಿತ್ತು. ಮೊದಲು ಎರಡು ವಿಷಯ ನೋಡಿ ಹೇಳಿ. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರ್ತದಾ, ಇಲ್ವಾ? ರಾತ್ರಿ ಜೀಪನ್ನು ಏರಿಗೆ ಮುಖ ಮಾಡಿ ನಿಲ್ಲಿಸ್ತೀರಾ, ಇಳಿಜಾರಿಗೆ ಮಾಡಿಯಾ?

ಪ್ರಶ್ನೆ (ಮುಳ್ಳೇರಿಯ):
ಇವತ್ತು ಬೆಳಿಗ್ಗೆ ಮಗನನ್ನು ಹಿಂದೆ ನಿಲ್ಲಿಸಿ ನೋಡಿದೆ. ಹೊಗೆ ಒಂಚೂರೂ ಇಲ್ಲ. ಅಂಗಳ ಇಳಿಜಾರು, ಜೀಪಿನ ಮುಖ ಗುಡ್ಡದ ಕಡೆಗೆ, ಅಂದರೆ ಮೇಲಕ್ಕೆ.

ಉತ್ತರ:
ಹಾಗಾದ್ರೆ ಏರ್ ಹಿಡೀತಾ ಉಂಟು. ಬಿಳಿ ಹೊಗೆ ಬಂದರೆ ಡೀಸಲ್ ಸಿಲಿಂಡರಿಗೆ ತಲುಪಿದೆ, ಉರಿಯುವುದಿಲ್ಲ ಅಂತ ಅರ್ಥ. ಆಗ ಹೀಟರ್ (ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ನೋಡಬೇಕು, ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸಲ್ ಅಲ್ಲಿಗೆ ಹೋಗಲೇ ಇಲ್ಲ. ನಿಮ್ಮ ಟ್ಯಾಂಕ್ ಕೆಳಗೆ, ಇಂಜಿನ್ ಮೇಲೆ. ಲೈನಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಸಂದು ಉಂಟು. ರಾತ್ರಿ ಅಲ್ಲಿಂದ ಗಾಳಿ ಒಳಗೆ ಹೋಗಿ ಡೀಸಲ್ ಮೆಲ್ಲ ಟ್ಯಾಂಕಿಗೆ ವಾಪಸ್ ಇಳೀತದೆ. ಬೆಳಿಗ್ಗೆ ಖಾಲಿ ಪೈಪು ಮತ್ತೆ ತುಂಬುವವರೆಗೆ ನಿಮ್ಮ ಬ್ಯಾಟರಿ ಸಾಯ್ತದೆ.

ಖರ್ಚಿಲ್ಲದ ಪರೀಕ್ಷೆ ಒಂದುಂಟು. ಇವತ್ತು ರಾತ್ರಿ ಜೀಪನ್ನು ಮುಖ ಕೆಳಗೆ ಮಾಡಿ ನಿಲ್ಲಿಸಿ. ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಾಳೆ ಬೇಗ ಸ್ಟಾರ್ಟ್ ಆದರೆ ಮತ್ತೆ ಸಂಶಯವೇ ಬೇಡ.

ಸಂದು ಎಲ್ಲಿ ಅಂತ ಹುಡುಕುವುದೇ ಕೆಲಸ. ಡೀಸಲ್ ಹೊರಗೆ ಸೋರಿದ ಗುರುತು ಕಾಣಬೇಕಲ್ವಾ ಅಂತ ಎಲ್ಲರೂ ಕೇಳ್ತಾರೆ. ಕಾಣುವುದಿಲ್ಲ. ಟ್ಯಾಂಕಿನಿಂದ ಮೇಲೆ ಬರುವ ಪೈಪಿನಲ್ಲಿ ಡೀಸಲನ್ನು ಎಳೆಯುವುದು, ದೂಡುವುದಲ್ಲ. ಎಳೆಯುವ ಕಡೆ ಸಂದಿದ್ದರೆ ಡೀಸಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದು ಸುಲಭ. ಹಾಗಾಗಿ ಒಣಗಿದ ಪೈಪನ್ನೂ ನಂಬಬೇಡಿ. ಫಿಲ್ಟರಿಗೆ ಬರುವ ರಬ್ಬರ್ ಪೈಪ್ ತೆಗೆದು ಅದರ ಜಾಗದಲ್ಲಿ ಒಂದು ಅಡಿ ಪಾರದರ್ಶಕ ಡೀಸಲ್ ಪೈಪ್ ತಾತ್ಕಾಲಿಕವಾಗಿ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ಬೆಳಕಿಗೆ ಹಿಡಿದು ನೋಡಿ. ಸರಿ ಇರುವ ಲೈನಿನಲ್ಲಿ ಡೀಸಲ್ ಹರಿಯುವುದೇ ಗೊತ್ತಾಗುವುದಿಲ್ಲ, ಪೈಪು ನಿಂತ ನೀರಿನ ಹಾಗೆ ಕಾಣ್ತದೆ. ಗಾಳಿ ಇದ್ದರೆ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಓಡ್ತವೆ. ಗುಳ್ಳೆ ಕಂಡರೆ ತಪ್ಪು ಅಲ್ಲಿಂದ ಟ್ಯಾಂಕಿನ ಕಡೆಗೆ. ಕಾಣದಿದ್ದರೆ ಫಿಲ್ಟರ್ ಅಥವಾ ಅದರಿಂದ ಮುಂದೆ.

ನಾನು ಮೊದಲು ಕೈ ಹಾಕುವುದು ಫಿಲ್ಟರಿನ ರಬ್ಬರ್ ಸೀಲಿಗೂ ಅದಕ್ಕೆ ಪೈಪ್ ಕೂಡಿಸುವ ಬೋಲ್ಟಿನ ಎರಡು ಬದಿಯ ತಾಮ್ರದ ವಾಷರಿಗೂ. ಫಿಲ್ಟರ್ ಬದಲಾಯಿಸುವಾಗ ಹಳೇ ವಾಷರನ್ನೇ ತಿರುಗಿಸಿ ಹಾಕ್ತಾರೆ. ಒಮ್ಮೆ ಒತ್ತಿದ ತಾಮ್ರ ಗಡಸಾಗ್ತದೆ, ಮತ್ತೆ ಕೂರುವುದಿಲ್ಲ. ಆಮೇಲೆ ಲೀಕ್ ನಿಲ್ಲಲಿ ಅಂತ ಇನ್ನೂ ಬಿಗಿಯುವುದು, ಬೋಲ್ಟಿನ ತ್ರೆಡ್ ಹೋಗುವುದು. ಹೊಸ ವಾಷರ್ ಹಾಕಿ, ಕ್ಲಿಪ್ ಬದಲಾಯಿಸಿ, ಕೈಪಂಪಿನಲ್ಲಿ ಏರ್ ತೆಗೆಯಿರಿ. ಹೋದ ಮಳೆಗಾಲದಲ್ಲಿ ಬಂದಡ್ಕ ಕಡೆಯವರೊಬ್ಬರು ಬೇರೆಲ್ಲೋ ಪಂಪ್ ಬಿಚ್ಚಿಸಿ, ದುಡ್ಡು ಕೊಟ್ಟು, ಅದೇ ತೊಂದರೆ ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು. ಸಿಕ್ಕಿದ್ದು ಕ್ಲಿಪ್ಪಿನ ಅಡಿಯಲ್ಲಿ ಒಡೆದ ರಬ್ಬರ್ ಪೈಪು. ಅರ್ಧ ಅಡಿ. ನನಗೆ ಅವತ್ತು ತುಂಬಾ ಬೇಜಾರಾಯ್ತು.

ಪ್ರಶ್ನೆ (ಪೆರ್ಲದಿಂದ ಇನ್ನೊಬ್ಬರು):
ನಮ್ಮದೂ ಅದೇ ಇಂಜಿನ್. ಬಿಳಿ ಹೊಗೆ ಧಾರಾಳ, ಸ್ಟಾರ್ಟ್ ಇಲ್ಲ. ನಮ್ಮೂರಿನ ಸೆಕೆಗೆ ಹೀಟರ್ ಬೇಕಾ ಅಣ್ಣ?

ಉತ್ತರ:
ಬೇಕು. ಇದು ಎಕ್ಸ್‌ಡಿಪಿ 4.90 ಇಂಜಿನ್. 4.90 ಅಂದ್ರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್; ಒಟ್ಟು 2112 ಸಿಸಿ. ಇದರಲ್ಲಿ ಡೀಸಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ, ಹೆಡ್ಡಿನಲ್ಲಿರುವ ಸಣ್ಣ ಕೋಣೆಯಲ್ಲಿ ಬೀಳ್ತದೆ. ಆ ಕೋಣೆಯ ಗೋಡೆ ತಣ್ಣಗಿದ್ದರೆ ಗಾಳಿಯ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ತದೆ. ಅದಕ್ಕೇ ಹೀಟರ್ ಪ್ಲಗ್. ನಾಲ್ಕನ್ನೂ ಜೋಡಿಸುವ ಪಟ್ಟಿ ತೆಗೆಯಿರಿ. ಬ್ಯಾಟರಿ ಪ್ಲಸ್‌ನಿಂದ ಒಂದು ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬ್ ಉರಿಯದ ಪ್ಲಗ್ ಸತ್ತಿದೆ. ಎರಡು ಸತ್ತಿದ್ದರೂ ಬೆಳಿಗ್ಗೆ ಇದೇ ಕಥೆ.

ಈಗ ಮಾಷ್ಟ್ರ ನಡುಕಕ್ಕೆ ಬರುವ. ಡ್ಯಾಂಪರ್ ಹಾಕಿಸಬೇಡಿ. ಅದು ನಡುಕವನ್ನು ನಿಮ್ಮ ಕೈಯಿಂದ ಮರೆಮಾಡ್ತದೆ, ಚಕ್ರದ ಹತ್ತಿರ ಸವೆಯುವುದು ಸವೆಯುತ್ತಾ ಇರ್ತದೆ. ಮೊದಲು ಟಯರಿನ ಗಾಳಿ ನೋಡಿ. ಜೀಪು ಹಗುರ ಗಾಡಿ. ಕಾರಿನ ಲೆಕ್ಕದಲ್ಲಿ 35, 40 ತುಂಬಿಸಿದರೆ ಚೆಂಡಿನ ಹಾಗೆ ಪುಟೀತದೆ. ಖಾಲಿ ಗಾಡಿಗೆ 26ರ ಆಸುಪಾಸು ಸಾಕು.

ಮತ್ತೆ ಮುಂದಿನ ಒಂದು ಬದಿ ಜಾಕ್ ಕೊಟ್ಟು ಎತ್ತಿ. ಟಯರಿನ ತಲೆಗೆ ಒಂದು ಕೈ, ಬುಡಕ್ಕೆ ಒಂದು ಕೈ ಹಾಕಿ ಅಲ್ಲಾಡಿಸಿ. ಟಕ್ ಟಕ್ ಅಂತ ಪ್ಲೇ (ಸಡಿಲ) ಸಿಕ್ಕಿದರೆ ಮಗನ ಹತ್ತಿರ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯ ಆದರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಉಳಿದರೆ ಕಿಂಗ್ ಪಿನ್, ಅಂದ್ರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು. ಎಡ–ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್, ಅಂದ್ರೆ ಎರಡು ಚಕ್ರ ಜೋಡಿಸುವ ಸರಳಿನ ತುದಿ. ಇದು ಹತ್ತು ನಿಮಿಷದ ಕೆಲಸ, ಎರಡೂ ಬದಿ ಮಾಡಿ. ಆಮೇಲೆ ಯಾರು ಎಂತ ಹೇಳಿದರೂ ನಿಮಗೇ ಗೊತ್ತಿರ್ತದೆ.

ಪ್ರಶ್ನೆ (ಮುಳ್ಳೇರಿಯ):
ಅಣ್ಣಾ, ಮುಖ ಕೆಳಗೆ ಮಾಡಿ ನಿಲ್ಲಿಸಿದ್ದು ಎರಡನೇ ಸೆಲ್ಫ್‌ಗೇ ಸ್ಟಾರ್ಟ್! ಗುಳ್ಳೆಯೂ ಕಂಡಿತು. ಪೈಪು, ಕ್ಲಿಪ್ಪು, ವಾಷರ್ ಎಲ್ಲ ಹೊಸತು ಹಾಕಿದ ಮೇಲೆ ಮೂರು ದಿನದಿಂದ ಏರಿಗೆ ಮುಖ ಮಾಡಿ ನಿಲ್ಲಿಸಿದರೂ ತೊಂದರೆ ಇಲ್ಲ. ಟಯರಿನಲ್ಲಿ 38 ಇತ್ತು, ಇಳಿಸಿದೆ. ನಡುಕ ಕಡಿಮೆ ಆಯ್ತು, ಹೋಗಲಿಲ್ಲ. ಬಲದ ಚಕ್ರದಲ್ಲಿ ಬ್ರೇಕ್ ಒತ್ತಿದರೂ ಪ್ಲೇ ಉಂಟು. ಎಡದ ಬ್ರೇಕ್ ಡ್ರಮ್ಮನ್ನು ಇಲ್ಲಿ ಬಿಚ್ಚಿಸಿದೆ, ಎಲ್ಲ ಸರಿ ಇದೆ ಅಂದರು. ಆದರೂ ಎಡಕ್ಕೇ ಎಳೆಯುತ್ತದೆ.

ಉತ್ತರ:
ಮೂರು ದಿನ ಏರಿನಲ್ಲಿ ನಿಲ್ಲಿಸಿ ನೋಡಿದ್ದು ಒಳ್ಳೇದಾಯ್ತು. ಬಲಕ್ಕೆ ಕಿಂಗ್ ಪಿನ್. ಬೇರಿಂಗಿಗೆ ಪೆಟ್ಟಾಗಿರದಿದ್ದರೆ ಶಿಮ್ (ಸಂದಿಗೆ ಹಾಕುವ ತೆಳು ತಗಡು) ತೆಗೆದು ಬಿಗಿ ಮಾಡಿದರೆ ಸಾಕಾಗ್ತದೆ. ಟೈ ರಾಡ್ ಕಳಚಿ ನಕ್ಕಲನ್ನು (ಚಕ್ರ ಕೂರುವ, ಎಡ–ಬಲ ತಿರುಗುವ ಭಾಗ) ಕೈಯಲ್ಲಿ ತಿರುಗಿಸುವಾಗ ಸ್ವಲ್ಪ ತೂಕ ಸಿಗಬೇಕು, ಬಾಗಿಲಿನ ಹಾಗೆ ತನ್ನಷ್ಟಕ್ಕೆ ತಿರುಗಬಾರದು.

ಬ್ರೇಕಿನಲ್ಲಿ ಎಡಕ್ಕೆ ಎಳೆದರೆ ಎಡದ್ದು ಕೆಲಸ ಮಾಡ್ತಾ ಉಂಟು ಅಂತ. ಬಲದ್ದನ್ನು ಬಿಚ್ಚಿಸಿ. ಒಂದೋ ವೀಲ್ ಸಿಲಿಂಡರ್ (ಡ್ರಮ್ಮಿನ ಒಳಗೆ ಬ್ರೇಕನ್ನು ದೂಡುವ ಭಾಗ) ತುಕ್ಕು ಹಿಡಿದು ಕೂತಿದೆ, ಇಲ್ಲವೋ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರಿಗೆ ಆಯಿಲ್ ತಾಗಿದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೆ ಆಗುವುದಿಲ್ಲ, ಬಿಸಿಯಾದಾಗ ಮತ್ತೆ ಹೊರಗೆ ಬರ್ತದೆ. ಎರಡೂ ಬದಿಯದ್ದು ಒಟ್ಟಿಗೆ ಬದಲಾಯಿಸಿ. ಅದು ಆಗುವವರೆಗೆ ಗುಡ್ಡ ಇಳಿಯುವಾಗ ಜನ ಹಾಕಬೇಡಿ, ಒಂದನೇ ಗೇರಿನಲ್ಲೇ ಇಳಿಯಿರಿ.

ಪ್ರಶ್ನೆ (ಮುಳ್ಳೇರಿಯ):
ಬಲದ ಡ್ರಮ್ಮಿನ ಒಳಗೆ ಪೂರಾ ಆಯಿಲ್! ಆಯಿಲ್ ತಡೆಯುವ ಸೀಲ್ ಹೊಸತು ಹಾಕಿಸಿ ಆರು ತಿಂಗಳಾಗಿಲ್ಲ ಅಂತ ಮಾರಿದವರು ಹೇಳುತ್ತಾರೆ.

ಉತ್ತರ:
ಸುಳ್ಳು ಹೇಳಿರಲಿಕ್ಕಿಲ್ಲ. ಆಕ್ಸಿಲ್ ಕೊಳವೆಯ ಮೇಲೆ ಹೆಬ್ಬೆರಳ ತುದಿಯಷ್ಟು ಒಂದು ಟೊಪ್ಪಿ ಉಂಟು, ಬ್ರೀದರ್. ಅದರ ಮೇಲೆ ಕೈ ಸವರಿ. ನಮ್ಮ ಕೆಂಪು ಮಣ್ಣು ಅಲ್ಲಿ ಕೂತು ಒಣಗಿ ಇಟ್ಟಿಗೆಯ ಹಾಗೆ ಆಗಿರ್ತದೆ. ಗಾಡಿ ಓಡಿ ಆಕ್ಸಿಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೋಗಲಿಕ್ಕೆ ದಾರಿ ಇಲ್ಲದಿದ್ದರೆ ಸೀಲನ್ನು ದೂಡಿಕೊಂಡು ಆಯಿಲ್ ಸಮೇತ ಹೊರಗೆ. ಹೊಸ ಸೀಲ್ ಹಾಕಿದರೂ ಅಷ್ಟೇ. ತೋಡು ದಾಟುವಾಗ ಉಲ್ಟಾ: ಬಿಸಿ ಆಕ್ಸಿಲ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ, ಅದೇ ಸೀಲಿನ ಮೂಲಕ ನೀರನ್ನು ಒಳಗೆ ಎಳೀತದೆ. ಆಕ್ಸಿಲ್ ಹೌಸಿಂಗಿನ ಬಿರಡೆ ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಇಳಿಸಿ ಹೊಸತು ಹಾಕಬೇಕು. ಮುಂದಿನದ್ದೂ ಹಿಂದಿನದ್ದೂ ಎರಡೂ ಬ್ರೀದರ್ ಬಿಚ್ಚಿ ಡೀಸಲಿನಲ್ಲಿ ನೆನೆಸಿ, ಬಾಯಲ್ಲಿ ಊದಿದರೆ ಗಾಳಿ ಹೋಗುವಷ್ಟು ಸ್ವಚ್ಛ ಮಾಡಿ. ಸೀಲ್ ಅದರ ನಂತರ.

ಪ್ರಶ್ನೆ (ಬಂದಡ್ಕದಿಂದ):
ನಡುವೆ ಒಂದು. ನನ್ನ ಜೀಪಿನಲ್ಲಿ ಹೊಸ ಬ್ಯಾಟರಿ, ಸೆಲ್ಫ್ ರಿಪೇರಿ ಆಗಿದೆ, ಆದರೂ ಮೆಲ್ಲ ತಿರುಗುತ್ತದೆ.

ಉತ್ತರ:
ಅರ್ತ್ ಪಟ್ಟಿ. ಇಂಜಿನ್ ರಬ್ಬರಿನ ಮೇಲೆ ಕೂತಿರ್ತದೆ, ಚಾಸಿಗೆ ಕರೆಂಟಿನ ದಾರಿ ಆ ಒಂದು ಪಟ್ಟಿ ಮಾತ್ರ. ಜಂಪರ್ ವಯರಿನಲ್ಲಿ ಬ್ಯಾಟರಿ ಮೈನಸ್‌ನಿಂದ ನೇರ ಇಂಜಿನ್ ಬ್ಲಾಕಿಗೆ ಕೊಟ್ಟು ಸೆಲ್ಫ್ ಹೊಡೆಯಿರಿ. ಜೋರಾಗಿ ತಿರುಗಿದರೆ ಪಟ್ಟಿ ಹೊಸತು ಹಾಕಿ, ಬೋಲ್ಟಿನ ಅಡಿಯ ಪೇಂಟ್ ಕೆರೆದು ಬಿಗಿಯಿರಿ.

ಪ್ರಶ್ನೆ (ಮುಳ್ಳೇರಿಯ):
ಎರಡೂ ಬ್ರೀದರ್ ಮುಚ್ಚಿಯೇ ಇತ್ತು ಅಣ್ಣ, ಸೂಜಿ ಹಾಕಿ ಕುಟ್ಟಬೇಕಾಯ್ತು. ಕಿಂಗ್ ಪಿನ್ನಿಗೆ ಭಾನುವಾರ ನಿಮ್ಮಲ್ಲಿಗೇ ತರುತ್ತೇನೆ. ನಿನ್ನೆ ತೋಟದಿಂದ ಅಡಿಕೆ ತರುವಾಗ ಫೋರ್ ವೀಲ್ ಹಾಕಿದ್ದೆ. ಟಾರು ರಸ್ತೆಗೆ ಬಂದ ಮೇಲೆ ಲಿವರ್ ವಾಪಸ್ ಬರುವುದೇ ಇಲ್ಲ. ಸುತ್ತಿಗೆಯಲ್ಲಿ ಮೆಲ್ಲ ಬಡಿಯಲಾ?

ಉತ್ತರ:
ಬೇಡ ಬೇಡ, ಒಳಗೆ ಗೇರು ಸರಿಸುವ ಶಿಫ್ಟರ್ ಬಗ್ಗಿದರೆ ಮತ್ತೆ ಫೋರ್ ವೀಲಿನ ಗೇರ್ ಕೇಸ್ ಬಿಚ್ಚಬೇಕು. ಅದು ಕೆಟ್ಟದ್ದಲ್ಲ, ಬಿಗಿದುಕೊಂಡದ್ದು. ತಿರುವಿನಲ್ಲಿ ಮುಂದಿನ ಚಕ್ರ ಹೋಗುವ ದೂರ ಬೇರೆ, ಹಿಂದಿನದ್ದು ಬೇರೆ. ಮಣ್ಣಿನಲ್ಲಿ ಟಯರ್ ಜಾರಿ ಅದು ಸರಿಯಾಗ್ತದೆ, ಟಾರಿನಲ್ಲಿ ಜಾರುವುದಿಲ್ಲ, ಹಗ್ಗ ಹೊಸೆದ ಹಾಗೆ ಶಾಫ್ಟುಗಳು ಮುರುಟಿ ನಿಲ್ತವೆ. ಸ್ಟೇರಿಂಗ್ ನೇರ ಇಟ್ಟು ಹತ್ತು–ಹದಿನೈದು ಅಡಿ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಲಿವರನ್ನು ಕೈಯಲ್ಲಿ ಹಗುರಕ್ಕೆ ಎಳೆಯಿರಿ. ಬಾರದಿದ್ದರೆ ಒಂದು ಬದಿಯ ಎರಡು ಚಕ್ರ ರಸ್ತೆ ಬದಿಯ ಮಣ್ಣಿಗೆ ಇಳಿಸಿ ಇನ್ನೊಮ್ಮೆ ಮಾಡಿ. ಇನ್ನು ಮುಂದೆ ಟಾರಿಗೆ ಹತ್ತುವ ಮೊದಲೇ ಮಣ್ಣಿನಲ್ಲಿ ಬಿಡಿಸಿ, ಇಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ ತಿರುಗಿಸಿ ಫ್ರೀ ಮಾಡಿ.

ಭಾನುವಾರ ಒಂಬತ್ತು ಗಂಟೆಯ ಒಳಗೆ ಬನ್ನಿ. ಶಿಮ್ ನನ್ನಲ್ಲಿ ಉಂಟು. ನಕ್ಕಲ್ ಸೀಲ್ ಒಂದು ಸೆಟ್ ಬರುವಾಗ ಹಿಡಿದುಕೊಂಡು ಬನ್ನಿ, ಬಿಚ್ಚಿದ ಮೇಲೆ ಹಳೇದನ್ನೇ ಹಾಕುವುದು ಬೇಡ.