ದುರ್ಗಾಸ್ತಮಾನ ಅರ್ಧಕ್ಕೇ ನಿಂತಿದೆ, ತ.ರಾ.ಸು. ಅವರನ್ನು ಎಲ್ಲಿಂದ ಓದಲಿ?

ಕೇಳಿದವರು: ಕೆಲಸದ ಮೇಲೆ ಉಡುಪಿ ಕಡೆಯಿಂದ ಚಿತ್ರದುರ್ಗಕ್ಕೆ ಬಂದಿದ್ದೇನೆ. ಇಲ್ಲಿ ಯಾರ ಹತ್ತಿರ ಪುಸ್ತಕದ ಮಾತೆತ್ತಿದರೂ ಕಾದಂಬರಿಕಾರ ತ.ರಾ.ಸು. ಹೆಸರು ಬಂದೇ ಬರುತ್ತದೆ. ಆಫೀಸಿನ ಹಿರಿಯರೊಬ್ಬರು ಅವರ ‘ದುರ್ಗಾಸ್ತಮಾನ’ ಕೊಟ್ಟು ಓದಿ ಅಂದರು. ದಪ್ಪ ಪುಸ್ತಕ. ನಾಯಕರು, ದಳವಾಯಿಗಳು, ಪ್ರಧಾನಿಗಳು ಎಲ್ಲರ ಹೆಸರೂ ಕಲಸಿಹೋಗಿ ಮುಚ್ಚಿಟ್ಟೆ. ‘ನಾಗರಹಾವು’ ಸಿನಿಮಾ ಮಾತ್ರ ಟಿ.ವಿ.ಯಲ್ಲಿ ಬಂದಾಗಲೆಲ್ಲ ನೋಡುತ್ತೇನೆ, ಕಾದಂಬರಿ ಓದಿಲ್ಲ. ಓದುವ ರೂಢಿ ಹೆಚ್ಚೇನಿಲ್ಲದ ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ಸಿನಿಮಾ ಇಷ್ಟಪಟ್ಟವರಿಗೆ ಕಾದಂಬರಿ ಬೇಜಾರಾಗುತ್ತಾ? ನಿಮ್ಮ ಅನುಭವ ಹೇಳಿ.

ಚಿತ್ರದುರ್ಗದಿಂದ ಒಬ್ಬರು: ಮೇಡಂ, ನಿಮ್ಮ ಕೈಗೆ ಮೊದಲು ಬಂದಿರುವುದು ಸಾಲಿನ ಕೊನೆಯ ಪುಸ್ತಕ. ಹೆಸರುಗಳು ತಲೆಗೆ ಹತ್ತದಿರುವುದಕ್ಕೆ ಅದೇ ಕಾರಣ. ದುರ್ಗದ ಪಾಳೆಯಗಾರರ ಮೇಲೆ ತ.ರಾ.ಸು. ಒಟ್ಟು 8 ಕಾದಂಬರಿ ಬರೆದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ಆಮೇಲೆ ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’, ಕೊನೆಗೆ ‘ದುರ್ಗಾಸ್ತಮಾನ’. ಅದು 1982ರಲ್ಲಿ ಬಂತು. 1984ರಲ್ಲಿ ಅವರು ತೀರಿಕೊಂಡರು. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತೆಗೆದುಕೊಳ್ಳಲು ಅವರೇ ಇರಲಿಲ್ಲ. ಹಿಂದಿನ ಕಥೆ ತಿಳಿದವರಿಗೆ ಆ ಪುಸ್ತಕದ ಭಾರವೇ ಬೇರೆ. ಇಷ್ಟು ಜನರ ಕೈಯಲ್ಲಿ ಬೆಳೆದ ಊರು ಬೀಳುತ್ತಿದೆ ಅನ್ನುವ ಸಂಕಟ ಆಗ ಒಳಗೆ ಇಳಿಯುತ್ತದೆ.

ಅದಕ್ಕೇ ನಾನು ಹೇಳುವುದು, ‘ಕಂಬನಿಯ ಕುಯಿಲು’ ಹಿಡಿಯಿರಿ. ದಳವಾಯಿ ಮುದ್ದಣ್ಣನ ಅಧಿಕಾರದ ಆಸೆ, ಅರಮನೆಯ ಒಳಗಿನ ಸಂಚು, ಯಾರನ್ನು ನಂಬುವುದು ಯಾರನ್ನು ಬಿಡುವುದು ಅನ್ನುವ ತಳಮಳ. ಕಥೆ ಓಡುತ್ತದೆ. ಮುಗಿಸಿದ ಮೇಲೆ ‘ರಕ್ತರಾತ್ರಿ’ ತೆಗೆಯದೆ ಇರಲು ಆಗುವುದಿಲ್ಲ. ಮೊದಲ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಬಿಟ್ಟು ಬೇರೆ ಓದಬೇಡಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಈಗ ದುರ್ಗದಲ್ಲೇ ಇದ್ದೀರಿ. ಬೇರೆ ಊರಿನ ಓದುಗರಿಗೆ ಸಿಗದ ಭಾಗ್ಯ ಅದು. ಪುಸ್ತಕಕ್ಕೆ ಮೊದಲು ಕೋಟೆ ಹತ್ತಿ. ಸುಮ್ನೆ ಫೋಟೊ ತೆಗೆದುಕೊಂಡು ಇಳಿಯಬೇಡಿ. ಬಾಗಿಲುಗಳನ್ನು ನೋಡಿ. ಒಂದು ಬಾಗಿಲು ದಾಟಿದರೆ ದಾರಿ ತಿರುಗುತ್ತದೆ, ಮುಂದಿನದು ಎದುರಿಗೆ ಕಾಣುವುದೇ ಇಲ್ಲ. ನುಗ್ಗಿ ಬಂದ ಸೈನ್ಯಕ್ಕೆ ಆ ತಿರುವಿನಲ್ಲಿ ಏನಾಗುತ್ತಿತ್ತು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ದೊಡ್ಡ ಬೀಸುವ ಕಲ್ಲುಗಳಿವೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಇವೆ. ಕೋಟೆಗೆ ಮುತ್ತಿಗೆ ಬಿದ್ದರೆ ಒಳಗಿನವರು ಹೇಗೆ ತಿಂಗಳುಗಟ್ಟಲೆ ಬದುಕುತ್ತಿದ್ದರು? ಪುಸ್ತಕದಲ್ಲಿ ಮುತ್ತಿಗೆಯ ಪುಟ ಬಂದಾಗ ಆ ಹೊಂಡದ ನೀರು ಕಣ್ಮುಂದೆ ಬರಬೇಕು. ಬಂದರೆ ಓದು ತಾನಾಗಿಯೇ ಸಾಗುತ್ತದೆ.

ಓಬವ್ವನ ಕಿಂಡಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಒಬ್ಬರು ಮೈ ಹಿಡಿಮಾಡಿಕೊಂಡು ನುಸುಳುವಷ್ಟೇ ಜಾಗ. ಹೈದರಾಲಿಯ ಮುತ್ತಿಗೆ ನಡೆದಿತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಹೋದ ಹೆಣ್ಣುಮಗಳು ಶತ್ರುಗಳು ನುಸುಳುವುದನ್ನು ಕಂಡಳು, ಒನಕೆ ಹಿಡಿದು ನಿಂತಳು. ಕಥೆ ಚಿಕ್ಕಂದಿನಿಂದ ಕೇಳಿದ್ದೇವೆ. ಒಬ್ಬಳು ಅಷ್ಟು ಜನರನ್ನು ತಡೆಯಲು ಹೇಗೆ ಸಾಧ್ಯ ಅನ್ನುವ ಪ್ರಶ್ನೆಗೆ ಆ ಕಿಂಡಿಯೇ ಉತ್ತರ. ಒಳಗೆ ಬರುವವರು ಒಬ್ಬೊಬ್ಬರಾಗಿಯೇ ಬರಬೇಕು.

ಸಿನಿಮಾ ಬಗ್ಗೆ ಕೇಳಿದ್ದೀರಿ. 1972ರ ‘ನಾಗರಹಾವು’ ಒಂದೇ ಕಾದಂಬರಿಯಿಂದ ಆದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಈ ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಕಥೆ ಮಾಡಿದರು. ಮೂರು ಪುಸ್ತಕದ ಹರವು ಒಂದು ಸಿನಿಮಾಕ್ಕೆ ಇಳಿದಾಗ ಎಷ್ಟೋ ಬಿಟ್ಟುಹೋಗುತ್ತದೆ. ತ.ರಾ.ಸು. ಅವರಿಗೇ ಸಿನಿಮಾ ಹಿಡಿಸಿರಲಿಲ್ಲ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ನಮ್ಮ ಊರಿಗೆ ಅದು ಸುಮ್ಮನೆ ಸಿನಿಮಾ ಅಲ್ಲ. ವಿಷ್ಣುವರ್ಧನ್ ಕಥಾನಾಯಕ ರಾಮಾಚಾರಿಯಾಗಿ ಬಂದದ್ದು, ಜಲೀಲನಾಗಿ ಅಂಬರೀಷ್ ಮೊದಲು ಕಂಡದ್ದು, ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು, ಎಲ್ಲ ಈ ಬಂಡೆಗಳ ನಡುವೆ ನಡೆಯಿತು. ‘ಕನ್ನಡ ನಾಡಿನ ವೀರರಮಣಿಯ’ ಹಾಡಿನಲ್ಲಿ ಜಯಂತಿ ಒನಕೆ ಎತ್ತಿದ ಮೇಲೆ ಓಬವ್ವ ಅಂದರೆ ಬೇರೆ ಮುಖ ನೆನಪಿಗೆ ಬರುವುದಿಲ್ಲ. ಕಾದಂಬರಿ ಓದುವಾಗ ರಾಮಾಚಾರಿಗೆ ವಿಷ್ಣುವರ್ಧನ್ ಮುಖವೇ ಇರಲಿ, ಅದರಿಂದ ನಷ್ಟವಿಲ್ಲ. ಸಿನಿಮಾದಲ್ಲಿದ್ದ ಹಾಗೆ ಇಲ್ಲವಲ್ಲ ಅಂತ ಪುಟ ಪುಟಕ್ಕೂ ಹೋಲಿಸುವುದನ್ನು ಮಾತ್ರ ಬಿಡಿ. ಎರಡನ್ನೂ ಎರಡು ಕೃತಿ ಅಂತ ನೋಡಿದರೆ ಎರಡೂ ಸಿಗುತ್ತವೆ.

ದಾವಣಗೆರೆಯಿಂದ ಒಬ್ಬರು: ಮೇಲಿನವರ ಮಾತು ಸರಿ. ಆದರೆ ಓದುವ ರೂಢಿಯೇ ಇಲ್ಲ ಅಂದಿದ್ದೀರಲ್ಲ, ಅಂಥವರಿಗೆ ನಾನು ಮೊದಲು ಕೊಡುವುದು ‘ಹಂಸಗೀತೆ’. ಅರಮನೆ, ದಂಡು, ಹತ್ತಾರು ಹೆಸರು ಇಲ್ಲ. ಭೈರವಿ ವೆಂಕಟಸುಬ್ಬಯ್ಯ ಅನ್ನುವ ಸಂಗೀತಗಾರ, ಅವನ ಹಾಡು, ಅವನ ಹಟ. ಇದೇ ಕಥೆಯಿಂದ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂತು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ ಮಾಡಿದರು, ಅನಂತನಾಗ್ ಇದ್ದಾರೆ. ಬಾಲಮುರಳಿಕೃಷ್ಣ ಅವರಿಗೆ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಇಲ್ಲಿ ಮಾತ್ರ ಪುಸ್ತಕ ಮೊದಲು, ಸಿನಿಮಾ ಆಮೇಲೆ ಅನ್ನುತ್ತೇನೆ. ಓದುವಾಗ ರಾಗವನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ. ಆಮೇಲೆ ಆ ದನಿ ಕೇಳಿದರೆ ಮೈ ಜುಮ್ ಅನ್ನುತ್ತದೆ.

ನಮ್ಮ ಮನೆಯ ರೂಢಿ ಒಂದನ್ನು ಹೇಳಬೇಕು. ಅತ್ತೆಗೆ ಕಣ್ಣು ಮಂಜು. ರಾತ್ರಿ ಊಟ ಆದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ತ.ರಾ.ಸು. ಮಾತುಕತೆ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದ ಹಾಗಿದೆ. ಕಂಪನಿ ನಾಟಕ ನೋಡಿ ಬೆಳೆದವರು ನಮ್ಮ ಅತ್ತೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ಊರಿನದೇ ಅಲ್ವಾ. ಯಾರ ಮಾತನ್ನು ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಅಂತ ಅವರೇ ನನಗೆ ಹೇಳಿಕೊಡುತ್ತಾರೆ. ಒಬ್ಬರೇ ಓದಿದಾಗ ಜಾರಿಹೋಗುವ ಹೆಸರುಗಳು ದನಿ ಬದಲಾಯಿಸಿ ಓದಿದರೆ ನಿಲ್ಲುತ್ತವೆ. ಮನೆಯಲ್ಲಿ ಕೇಳುವವರು ಇದ್ದರೆ ಹೀಗೆ ಮಾಡಿ ನೋಡಿ.

ಹಾಗೇ, ತ.ರಾ.ಸು. ದುರ್ಗದವರು ಅನ್ನುವುದು ನಿಜ, ಆದರೆ ಹುಟ್ಟಿದ್ದು 1920ರಲ್ಲಿ ಮಲೆಬೆನ್ನೂರಿನಲ್ಲಿ. ಇವತ್ತಿಗೆ ಅದು ನಮ್ಮ ದಾವಣಗೆರೆ ಜಿಲ್ಲೆ.

ಚಳ್ಳಕೆರೆಯಿಂದ ಒಬ್ಬರು: ಹುಟ್ಟಿದ್ದು ಎಲ್ಲೇ ಇರಲಿ, ಹೆಸರಿನ ಮೊದಲ ಅಕ್ಷರ ‘ತ’ ಅಂದರೆ ನಮ್ಮ ತಾಲ್ಲೂಕಿನ ತಳುಕು ಊರು. ಅವರ ದೊಡ್ಡಪ್ಪ ತಳುಕಿನ ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರಿಗೇ.

ನನ್ನ ಅನುಭವ ಸ್ವಲ್ಪ ಬೇರೆ. ನನ್ನ ಮಗ 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ನೋಡಿ, ಆ ಹೀರೊ ಯಾಕೆ ರಾಮಾಚಾರಿ ರಾಮಾಚಾರಿ ಅನ್ನುತ್ತಾನೆ ಅಂತ ಕೇಳಿದ. ಹಳೇ ‘ನಾಗರಹಾವು’ ತೋರಿಸಿದೆ. 2018ರಲ್ಲಿ ಅದೇ ಮತ್ತೆ ಥಿಯೇಟರಿಗೆ ಬಂದಾಗ ಅವನೇ ನನ್ನನ್ನು ಎಳೆದುಕೊಂಡು ಹೋದ. ಆಮೇಲೆ ಕಾದಂಬರಿ ಹಿಡಿದ. ಸಿನಿಮಾದ ಹಂಬಲ ಪುಸ್ತಕಕ್ಕೆ ಕರೆದುಕೊಂಡು ಹೋಗುತ್ತದೆ ಅಂದರೆ ಹೋಗಲಿ ಬಿಡಿ. ಮೊದಲು ಯಾವುದು ಅನ್ನುವ ಲೆಕ್ಕ ಯಾಕೆ? ನೀವು ಈಗಾಗಲೇ ಇಷ್ಟಪಟ್ಟಿರುವುದು ‘ನಾಗರಹಾವು’, ಅದರ ಕಾದಂಬರಿಯಿಂದಲೇ ಶುರು ಮಾಡಿ.

ನಡುವೆ ದಣಿವಾದರೆ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಓದಿ. ಮುಕುಂದೂರು ಸ್ವಾಮಿಗಳ ಒಡನಾಟದ ನೆನಪುಗಳು. ತೆಳ್ಳಗಿನ ಪುಸ್ತಕ. ನಮ್ಮ ಸೀಮೆಯ ಮಾತು ಹೇಗಿರುತ್ತದೆ ಅಂತ ಕಿವಿಗೆ ಬೀಳುತ್ತದೆ.

ಕೇಳಿದವರು: ಎಲ್ಲರಿಗೂ ವಂದನೆ. ಕೋಟೆ ನೋಡಿಯೇ ‘ಕಂಬನಿಯ ಕುಯಿಲು’ ತೆಗೆಯುತ್ತೇನೆ. ಮೊದಲ ಸಲ ಹೋಗುವಾಗ ಏನು ಗಮನಿಸಬೇಕು? ಹೆಸರುಗಳ ಗೊಂದಲಕ್ಕೆ ಏನು ಮಾಡಲಿ?

ಚಿತ್ರದುರ್ಗದಿಂದ ಒಬ್ಬರು: ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದರೆ ಬಂಡೆ ಕಾದು ಕಾಲಿಡಲು ಆಗುವುದಿಲ್ಲ. ನೀರು ಒಯ್ಯಿರಿ. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಮಂಗಗಳಿವೆ. ಮೊದಲ ಸಲ ಗೈಡ್ ಜೊತೆ ಹೋಗಿ, ಇಲ್ಲಿನ ಗೈಡ್‌ಗಳು ಕಥೆಯನ್ನು ಮನಸ್ಸಿಟ್ಟು ಹೇಳುತ್ತಾರೆ. ಅವರು ಹೇಳಿದ್ದೆಲ್ಲ ಕಾದಂಬರಿಯಲ್ಲಿ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ, ಜನಪದ ಕಥೆಯೂ ಅದರಲ್ಲಿ ಬೆರೆತಿರುತ್ತದೆ. ಎರಡನೇ ಸಲ ಪುಸ್ತಕ ಹಿಡಿದು ಒಬ್ಬರೇ ಹೋಗಿ ನೆರಳಲ್ಲಿ ಕೂತು ಓದಿ.

ಹೆಸರಿಗೆ ಒಂದು ಉಪಾಯ ಇದೆ. ದುರ್ಗದ ಗಾದಿಯಲ್ಲಿ ಮದಕರಿ ಹೆಸರಿನವರು ಒಬ್ಬರಿಗಿಂತ ಜಾಸ್ತಿ ಜನ ಇದ್ದರು. ಎಲ್ಲರೂ ನೆನೆಯುವುದು ಕೊನೆಯವನನ್ನು. 1779ರಲ್ಲಿ ಕೋಟೆ ಹೈದರಾಲಿ ಪಾಲಾದಾಗ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವನು ಅವನು. ‘ದುರ್ಗಾಸ್ತಮಾನ’ ಅವನ ಕಥೆ. ‘ಕಂಬನಿಯ ಕುಯಿಲು’ ಕಾಲಕ್ಕೆ ಅವನು ಹುಟ್ಟಿಯೇ ಇರಲಿಲ್ಲ, ಅದು ಅವನಿಗಿಂತ ಹಿಂದಿನ ಶತಮಾನದ ಮಾತು. ಒಂದು ಹಾಳೆಯ ಎಡಗಡೆ ನಾಯಕರು, ಬಲಗಡೆ ಅವರ ದಳವಾಯಿಗಳು ಅಂತ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ, ಹೊಸ ಹೆಸರು ಬಂದ ಹಾಗೆ ಸೇರಿಸುತ್ತಾ ಹೋಗಿ. ಹಿರಿಯರು ಕೊಟ್ಟ ‘ದುರ್ಗಾಸ್ತಮಾನ’ ವಾಪಸ್ ಕೊಡಬೇಡಿ. ಓದಲು ಇನ್ನೂ ಸಮಯ ಬೇಕು ಅಂತ ಹೇಳಿ, ಅವರಿಗೆ ಖುಷಿಯೇ ಆಗುತ್ತದೆ.