ಛಂದಸ್ಸು, ಪ್ರಾಸ, ಅನುಪ್ರಾಸ ಹೈಸ್ಕೂಲ್ ಮಕ್ಕಳಿಗೆ ಹೇಗೆ ಹೇಳಿಕೊಡ್ತೀರಾ? ಬಾಯಿಪಾಠ ಬಿಟ್ಟು ಬೇರೆ ದಾರಿ ಇದ್ಯಾ?

ಕನ್ನಡ ಟೀಚರ್, ತುಮಕೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಕನ್ನಡ ತಗೋತೀನಿ, ಒಂಬತ್ತು ಹತ್ತು ಎರಡೂ. ಪದ್ಯ ಪಾಠ ಚೆನ್ನಾಗೇ ಹೋಗತ್ತೆ, ಕರ್ಣ ಕೃಷ್ಣ ಅಂತ ಕಥೆ ಶುರು ಮಾಡಿದ್ರೆ ಕೊನೆ ಬೆಂಚಿನವರೂ ಕಿವಿ ಕೊಡ್ತಾರೆ, ಆದ್ರೆ ಬೋರ್ಡ್ ಮೇಲೆ ಛಂದಸ್ಸು ಅಂತ ಬರೆದ ತಕ್ಷಣ ಎಲ್ಲರ ಮುಖ ಇಳಿದುಹೋಗತ್ತೆ. ಲಘು ಅಂದ್ರೆ ಏನು ಅಂತ ಕೇಳಿದ್ರೆ 'ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರ' ಅಂತ ಪಟಪಟ ಒಪ್ಪಿಸ್ತಾರೆ. ಅದೇ ಒಂದು ಸಾಲು ಕೊಟ್ಟು ಪ್ರಸ್ತಾರ ಹಾಕಿ (ಪ್ರತಿ ಅಕ್ಷರಕ್ಕೂ ಒಂದು ಮಾತ್ರೆಯ ಲಘುವೋ ಎರಡು ಮಾತ್ರೆಯ ಗುರುವೋ ಅಂತ ಗುರುತು) ಅಂದ್ರೆ ಒತ್ತಕ್ಷರ ಕಂಡ ಕಡೆ ಅದರ ತಲೆ ಮೇಲೇನೇ ಗುರು ಹಾಕ್ತಾರೆ, ಹಿಂದಿನ ಅಕ್ಷರಕ್ಕೆ ಹಾಕ್ರಪ್ಪಾ ಅಂತ ಎಷ್ಟು ಹೇಳಿದ್ರೂ ಅಷ್ಟೇ, ಟೆಸ್ಟ್‌ನಲ್ಲಿ ಮತ್ತೆ ಅದೇ.

ಪ್ರಾಸದ್ದು ಇನ್ನೊಂದು ಗೋಳು. ಇಂಗ್ಲಿಷ್ ಪಿರಿಯಡ್‌ನಲ್ಲಿ ರೈಮ್, ಅಲಿಟರೇಶನ್ ಕಲಿತಿರ್ತಾರಲ್ಲ, ಆದಿಪ್ರಾಸ ಅಂದ್ರೆ ಸಾಲಿನ ಮೊದಲನೇ ಅಕ್ಷರ ಒಂದೇ ಇರೋದು ಅಂತಲೇ ಅಂದ್ಕೊಳ್ತಾರೆ. ಅನುಪ್ರಾಸಕ್ಕೂ ಪ್ರಾಸಕ್ಕೂ ಏನ್ ವ್ಯತ್ಯಾಸ ಮಿಸ್ ಅಂತ ಕೇಳಿದ್ರೆ ನಾನು ಹೇಳೋದು ಅವರಿಗೆ ಮುಟ್ಟಲ್ಲ. ನಿಮ್ಮ ಕ್ಲಾಸಲ್ಲಿ ನಿಜವಾಗ್ಲೂ ವರ್ಕ್ ಆಗಿರೋದು ಏನಾದ್ರೂ ಇದ್ರೆ ಹೇಳಿ, ಪಿಪಿಟಿ ಲಿಂಕ್ ಬೇಡ, ಅದು ಬೇಕಾದಷ್ಟಿದೆ.

ರಿಟೈರ್ಡ್ ಮಾಸ್ತರ, ಧಾರವಾಡ

ಮೇಡಮ್ಮಾರ, ಮೊದಲ ಆ ಪೆನ್ಸಿಲ್ ಕಸಗೋರಿ. ಕಿವಿಗೆ ಬರಲಾರದ್ದು ಕಾಗದದ ಮ್ಯಾಲೆ ಹೆಂಗ ಬಂದೀತು? ನಾ ಮಾಡಸ್ತಿದ್ದದ್ದು ಇಷ್ಟ: ಪುಸ್ತಕ ಮುಚ್ಚಿಸಿ, ಬೆಂಚ್ ಬಡಿಯೂದು. ತಕಿಟ ತಕದಿಮಿ, ತಕಿಟ ತಕದಿಮಿ. ಮೂರು ನಾಕು, ಮೂರು ನಾಕು. ಬೆಂಚ್ ಬಡಿ ಅಂದ್ರ ಯಾವ ಹುಡುಗ ಒಲ್ಲೆ ಅಂತಾನ್ರೀ? ಬಾಜೂ ಕ್ಲಾಸಿನವರು ಬಂದು ಬೈತಾರ, ಬೈಸಿಕೊಳ್ರಿ. ಕೈ ಕೂಡಿತು ಅಂದಕೂಡ್ಲೆ ಅದರ ಮ್ಯಾಲೆ ಕುಮಾರವ್ಯಾಸನ್ನ ಇಡ್ರಿ. ಹತ್ತನೇತ್ತಾ ಪುಸ್ತಕದಾಗ 'ಕೌರವೇಂದ್ರನ ಕೊಂದೆ ನೀನು' ಐತೆಲ್ಲ, ಅದರ ಸುರುವಾತಿನೇ ತಗೋರಿ:

ಇನತ | ನೂಜನ | ಕೂಡೆ | ಮೈದುನ
ತನದ | ಸರಸವ | ನೆಸಗಿ | ರಥದೊಳು
ದನುಜ | ರಿಪು ಬರ | ಸೆಳೆದು | ಕುಳ್ಳಿರಿ | ಸಿದನು | ಪೀಠದ | ಲಿ

ಎಲ್ಲೂ ಎಡವಂಗಿಲ್ಲ ನೋಡ್ರಿ. ಮೊದಲಿನ ಎರಡೂ ಸಾಲು ಹದಿನಾಕು ಹದಿನಾಕು ಮಾತ್ರಿ, ಮೂರನೇದು ಇಪ್ಪತ್ತೊಂದು ಮತ್ತ ಮ್ಯಾಲೊಂದು ಗುರು, ಅಂದ್ರ ಇಪ್ಪತ್ಮೂರು. ಇಲ್ಲೇ ಶಾಣ್ಯಾ ಹುಡುಗ ಒಬ್ಬಾಂವ ಎದ್ದು 'ಸರ, "ಲಿ" ಲಘು ಅಲ್ರಿ, ಅದಕ್ಕ್ಯಾಕ ಗುರು ಹಾಕಿದ್ರಿ' ಅಂತ ಕೇಳೇ ಕೇಳ್ತಾನ. ಅವಂಗ ನಿಯಮ ಹೇಳಬ್ಯಾಡ್ರಿ, ಬೆಂಚ್ ಬಡಕೋತ ಮತ್ತೊಮ್ಮೆ ಹಾಡಸ್ರಿ. 'ಲಿ' ಮ್ಯಾಲೆ ದನಿ ತಾನ ಎಳೀತದ, ಎಳದು ನಿಂತು ಉಸರ ತಗೊಂಡ ಮುಂದಿನ ಸಾಲಿಗೆ ಹೋಗ್ತಾರ. ಆ ನಿಲುಗಡೆನ ಗುರು. ಹೆಸರು ಆಮ್ಯಾಲೆ ಬರಲಿ, ಭಾಮಿನಿ ಷಟ್ಪದಿ (ಆರು ಸಾಲಿನ ಪದ್ಯ) ಅನ್ನೂದು ಎಲ್ಲಾ ಮುಗದ ಮ್ಯಾಲೆ ಹೇಳ್ರಿ.

ಆದಿಪ್ರಾಸನೂ ಅಲ್ಲೇ ಸಿಗತದ. ಇನ, ತನ, ದನು. ಎರಡನೇ ಅಕ್ಷರದಾಗ ನಕಾರ ಕುಂತದ. 'ಮೈದುನತನದ' ಅನ್ನೂ ಶಬ್ದನ ನಡುವ ಕಡದು ಸಾಲು ಮಾಡ್ಯಾನ, ಯಾಕ ಅಂದ್ರ ಆ 'ನ' ತನ್ನ ಜಾಗಾಕ್ಕ ಬರಬೇಕು. ಇದನ್ನ ತೋರಿಸಿದ್ರ ಹುಡುಗೂರಿಗೆ ಭಾಳ ಮಜಾ ಅನಸ್ತದ, ಕವಿ ಕಳ್ಳಾಟ ಆಡ್ಯಾನ ಅಂತಾರ.

ಖಾಸಗಿ ಶಾಲೆ, ಬೆಂಗಳೂರು

ಮಾಸ್ಟರ್ ಹೇಳಿದ್ದು ಸರಿ ಸರ್, ಆದ್ರೆ ನಮ್ಮ ಕಡೆ ಮಕ್ಕಳಿಗೆ ಹಳೆ ಪದ್ಯ ಓದೋಕೇ ನಾಲಿಗೆ ತಿರುಗಲ್ಲ, ಅರ್ಧಕ್ಕರ್ಧ ಮನೇಲಿ ಬೇರೆ ಭಾಷೆ ಮಾತಾಡೋರು. ಅದಕ್ಕೆ ನಾನು ಅಟೆಂಡೆನ್ಸ್ ರಿಜಿಸ್ಟರ್‌ನಿಂದ ಶುರು ಮಾಡ್ತೀನಿ. ಪ್ರತಿಯೊಬ್ಬರೂ ಅವರವರ ಹೆಸರಿಗೆ ಪ್ರಸ್ತಾರ ಹಾಕಬೇಕು. ಲಘುಗೆ ∪, ಗುರುಗೆ —. ಸುಮ ಅಂದ್ರೆ ∪∪, ಕವಿತಾ ∪∪—, ಮಂಜುನಾಥ —∪—∪, ಐಶ್ವರ್ಯ ——∪.

ಒತ್ತಕ್ಷರದ ಸಮಸ್ಯೆ ಇಲ್ಲೇ ಬಗೆಹರಿಯತ್ತೆ. ಶಿವಣ್ಣ ಅಂತ ನಿಧಾನಕ್ಕೆ ಹೇಳಿಸಿ, ಶಿ-ವಣ್-ಣ ಅಂತ ಬಾಯಿ ತಾನೇ ಒಡೆಯತ್ತೆ, ಭಾರ ಬಿದ್ದಿದ್ದು 'ವ' ಮೇಲೆ, 'ಣ್ಣ' ಮೇಲಲ್ಲ. ಆಮೇಲೆ ಪ್ರಕಾಶ ಅಂತ ಯಾರಾದ್ರೂ ಇದ್ರೆ ಒಳ್ಳೇದು, ಒತ್ತಕ್ಷರ ಮೊದಲಲ್ಲೇ ಇದೆ, ಹಿಂದೆ ಯಾರೂ ಇಲ್ಲ, ಹಾಗಾದ್ರೆ ಗುರು ಯಾರಿಗೆ? ಯಾರಿಗೂ ಇಲ್ಲ. ಪ್ರ ಲಘುವೇ. ಇದನ್ನ ಅವರೇ ಜಗಳ ಆಡಿ ಕಂಡುಕೊಂಡ್ರೆ ಮರೆಯಲ್ಲ.

ಇದರಿಂದ ಒಂದು ತಮಾಷೆನೂ ಹುಟ್ಟತ್ತೆ. ರಮೇಶ, ಸುರೇಶ, ಗಣೇಶ, ಮಹೇಶ, ಪ್ರಕಾಶ, ಶಿವಣ್ಣ, ಎಲ್ಲಾ ∪—∪, ಎಲ್ಲಾ ಜಗಣ! ಕಂದಪದ್ಯದಲ್ಲಿ (ನಾಲ್ಕು ಮಾತ್ರೆಯ ಗಣ, ಅಂದ್ರೆ ಗುಂಪುಗಳಿಂದ ಕಟ್ಟೋ ಹಳೆ ಪದ್ಯ) ಬೆಸ ಸಂಖ್ಯೆಯ ಜಾಗದಲ್ಲಿ ಜಗಣ ಬರಬಾರದು ಅಂತ ನಿಯಮ ಇದೆಯಲ್ಲ, ಅಂದ್ರೆ ಊರಲ್ಲಿ ಎಲ್ಲಾದಕ್ಕೂ ಗಣೇಶಂಗೆ ಮೊದಲ ಪೂಜೆ ಆದ್ರೂ ಕಂದದಲ್ಲಿ ಮೊದಲ ಸೀಟಲ್ಲಿ ಕೂರಿಸೋ ಹಾಗಿಲ್ಲ. ಆರನೇ ಜಾಗದಲ್ಲಿ ಮಾತ್ರ ಅವನೇ ಬೇಕು, ಇಲ್ಲಾಂದ್ರೆ ನಾಲ್ಕೂ ಲಘು. ಹೀಗೆ ಹೇಳಿದ್ಮೇಲೆ ಆ ನಿಯಮ ಮತ್ತೆ ಕೇಳೋ ಅಗತ್ಯಾನೇ ಬಂದಿಲ್ಲ.

ಗಡಿನಾಡಿನವ, ಕಾಸರಗೋಡು

ಇಲ್ಲಿ ಕೇರಳದ ಕನ್ನಡ ಮೀಡಿಯಂ ಶಾಲೆ. ನಮ್ಮ ಮಕ್ಕಳಿಗೆ ಭಾಮಿನಿ, ವಾರ್ಧಕ, ಕಂದ ಅನ್ನುವ ಹೆಸರೆಲ್ಲ ಶಾಲೆಗೆ ಬರುವ ಮೊದಲೇ ಗೊತ್ತಿರ್ತದೆ, ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆ ಮೇಲೆ ಬರೆದೇ ಇರ್ತದಲ್ಲ. ಆದರೆ ಒಂದು ಕೀಟಲೆ ಉಂಟು ಮಾರಾಯ್ರೇ. ಭಾಗವತರು ಭಾಮಿನಿ, ವಾರ್ಧಕ, ಕಂದ ಇದನ್ನೆಲ್ಲ ಸಾಮಾನ್ಯವಾಗಿ ತಾಳ ಇಲ್ಲದೆ ರಾಗ ಎಳೆದು ಹಾಡುವುದು. ಹಾಗಾಗಿ ಇಲ್ಲಿನ ಹುಡುಗರಿಗೆ ಬೆಂಚು ಬಡಿಯಲಿಕ್ಕೆ ಹೇಳಿದರೆ 'ಸರ್, ಭಾಮಿನಿಗೆ ತಾಳ ಇಲ್ಲ' ಅಂತಾರೆ! ಅವರು ಹೇಳುವುದೂ ತಪ್ಪಲ್ಲ. ಹಾಡುವ ಕ್ರಮ ಬೇರೆ, ಅದರ ಒಳಗಿನ ಮೂರು-ನಾಲ್ಕರ ನಡಿಗೆ ಬೇರೆ ಅಂತ ನಾನು ಮೊದಲೇ ಹೇಳಿಬಿಡ್ತೇನೆ. ಗಮಕದಲ್ಲಿಯೂ (ಕಾವ್ಯವನ್ನು ರಾಗವಾಗಿ ಓದುವುದು) ಹಾಗೆಯೇ, ಅರ್ಥಕ್ಕೆ ತಕ್ಕ ಹಾಗೆ ಎಳೆದು ನಿಲ್ಲಿಸ್ತಾರೆ. ಹಾಗಾಗಿ ಮಾಸ್ತರರ ಬೆಂಚು ಲೆಕ್ಕ ಕಲಿಯಲಿಕ್ಕೆ ಒಳ್ಳೆಯದು, ಪದ್ಯ ಓದುವ ಕ್ರಮ ಅದೇ ಅಂತ ಮಕ್ಕಳು ತಿಳ್ಕೊಂಡರೆ ಕಷ್ಟ.

ಇನ್ನೊಂದು, ಆದಿಪ್ರಾಸ ಹೇಳಿಕೊಟ್ಟ ಮರುದಿನ ಯಾರಾದರೂ ಹೊಸಗನ್ನಡ ಕವನ ಹಿಡ್ಕೊಂಡು ಬಂದು ಇದರಲ್ಲಿ ಎಲ್ಲಿದೆ ಅಂತ ಕೇಳ್ತಾರೆ. ಇರುವುದಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟು ಬರೆಯಲು ಸುರು ಮಾಡಿದರು, ಆಗ ಅದು ದೊಡ್ಡ ಸುದ್ದಿ. ಸಾವಿರ ವರ್ಷ ಕವಿಗಳು ಬಿಡದೆ ಹಿಡ್ಕೊಂಡು ಬಂದದ್ದನ್ನು ಒಬ್ಬ ಬಿಟ್ಟ ಅಂದರೆ ಮಕ್ಕಳಿಗೆ ಕುತೂಹಲ ಬರ್ತದೆ, ಯಾಕೆ ಬಿಟ್ಟ ಅಂತ ಕೇಳ್ತಾರೆ. ಬಿಟ್ಟದ್ದು ಎಂತ ಅಂತ ಗೊತ್ತಾಗ್ಲಿಕ್ಕಾದರೂ ಪ್ರಾಸ ಕಲಿತಾರೆ.

ಮೌಲ್ಯಮಾಪನಕ್ಕೆ ಹೋಗೋನು

ಎಲ್ಲಾ ಚೆನ್ನಾಗಿದೆ, ಆದ್ರೆ ಪರೀಕ್ಷೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಪೇಪರ್‌ನಲ್ಲಿ ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೀರಿ ಅಂತ ಬರೋದು, ಅಲ್ಲಿ ಬೆಂಚ್ ಬಡಿಯೋಕಾಗಲ್ಲ. ಮಕ್ಕಳು ಮಾರ್ಕ್ಸ್ ಕಳ್ಕೊಳ್ಳೋ ಜಾಗ ಯಾವುದು ಗೊತ್ತಾ? ಇಪ್ಪತ್ತು ಮಾತ್ರೆ. ಲೆಕ್ಕ ಹಾಕ್ತಾರೆ, ಇಪ್ಪತ್ತು ಬಂತು, ಕಣ್ಮುಚ್ಚಿ ವಾರ್ಧಕ ಷಟ್ಪದಿ ಅಂತ ಬರೀತಾರೆ. ಆದ್ರೆ ಕಂದದ ಎರಡನೇ ಸಾಲೂ ಇಪ್ಪತ್ತೇ. ವಾರ್ಧಕದಲ್ಲಿ ಐದರ ನಾಲ್ಕು ಗಣ, ಕಂದದಲ್ಲಿ ನಾಲ್ಕರ ಐದು ಗಣ. ಕಂದ ಆದ್ರೆ ಮೇಲಿನ ಸಾಲು ಹನ್ನೆರಡೇ ಇರತ್ತೆ, ವಾರ್ಧಕ ಆದ್ರೆ ಅದೂ ಇಪ್ಪತ್ತು. ಟೋಟಲ್ ಮಾಡಿ ಹೆಸರು ಬರೆಯೋ ಅಭ್ಯಾಸ ಬಿಡಿಸಿ, ಗಣ ಒಡೆದ ಮೇಲೆ ಹೆಸರು. ಐದೈದಾಗಿ ಒಡೆಯೋಕೆ ಹೋದಾಗ ಗುರು ಒಂದರ ಮಧ್ಯೆ ಗೆರೆ ಬಿತ್ತು ಅಂದ್ರೆ ದಾರಿ ತಪ್ಪಿದೆ ಅಂತಲೇ ಅರ್ಥ, ಗುರು ಒಡೆಯೋ ಹಾಗಿಲ್ಲ.

ಬಾಯಿಪಾಠಾನ ಅಷ್ಟು ಬೈಬೇಡಿ ಅನ್ನೋದು ನನ್ನ ಅಭಿಪ್ರಾಯ. ಅಕ್ಷರಗಣಕ್ಕೆ (ಮೂರು ಮೂರು ಅಕ್ಷರದ ಗುಂಪು) ಎಲ್ರೂ ಯಮಾತಾರಾಜಭಾನಸಲಗಂ ಅನ್ನೋ ಸೂತ್ರ ಹೇಳ್ಕೊಡ್ತಾರೆ, ಅದು ಸರಿ, ಆದ್ರೆ ಕನ್ನಡದ್ದೇ ಒಂದಿದೆಯಲ್ಲ:

ಗುರು ಲಘು ಮೂರಿರೆ ಮ-ನ-ಗಣ
ಗುರು ಲಘು ಮೊದಲಲ್ಲಿ ಬರಲು ಭ-ಯ-ಗಣಮೆಂಬರ್
ಗುರು ಲಘು ನಡುವಿರೆ ಜ-ರ-ಗಣ
ಗುರು ಲಘು ಕೊನೆಯಲ್ಲಿ ಬರಲು ಸ-ತ-ಗಣಮಕ್ಕುಂ

ಇದನ್ನ ಎಲ್ಲಾ ಬಾಯಿಪಾಠ ಮಾಡಿಸ್ತಾರೆ, ಆದ್ರೆ ಇದಕ್ಕೇ ಪ್ರಸ್ತಾರ ಹಾಕಿಸೋರು ಕಡಿಮೆ. ಹಾಕಿಸಿ ನೋಡಿ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು. ಗಣ ಹೇಳ್ಕೊಡೋ ಪದ್ಯಾನೇ ಅಚ್ಚುಕಟ್ಟಾದ ಕಂದಪದ್ಯ, ಎರಡನೇ ಅಕ್ಷರದಲ್ಲಿ 'ರು' ಪ್ರಾಸ ಬೇರೆ. ಇದೊಂದು ಪದ್ಯ ಸಾಕು ಮೂರು ಕ್ಲಾಸಿಗೆ.

ಕನ್ನಡ ಟೀಚರ್, ತುಮಕೂರು ಕಡೆ

ಅಯ್ಯೋ ಇದನ್ನ ಇಷ್ಟು ದಿನ ಹೇಳ್ಕೊಡ್ತಾನೇ ಇದ್ದೀನಿ, ಈ ದೃಷ್ಟಿಯಿಂದ ನೋಡೇ ಇರ್ಲಿಲ್ಲ! ತುಂಬಾ ಥ್ಯಾಂಕ್ಸ್ ಸರ್. ಜಗಣದ ಗಣೇಶ ನಾಳೇನೇ ಕ್ಲಾಸಿಗೆ ಬರ್ತಾನೆ. ಆದ್ರೆ ಅನುಪ್ರಾಸದ ಪ್ರಶ್ನೆ ಹಾಗೇ ಉಳೀತು. ಜೊತೆಗೆ ಈ ಪಟಪಟ, ಧಗಧಗ ಎಲ್ಲಾನೂ ಮಕ್ಕಳು ಒಮ್ಮೆ ದ್ವಿರುಕ್ತಿ ಅಂತಾರೆ, ಒಮ್ಮೆ ಅನುಪ್ರಾಸ ಅಂತಾರೆ.

ರಿಟೈರ್ಡ್ ಮಾಸ್ತರ, ಧಾರವಾಡ

ಕಾಸರಗೋಡಿನ ಗುರುಗಳು ಅಂದದ್ದು ಒಪ್ಪಿದೆ, ಬೆಂಚು ಬರೇ ಲೆಕ್ಕಕ್ಕ.

ಅನುಪ್ರಾಸಕ್ಕ ಪುಸ್ತಕದ ಉದಾಹರಣೆ ಆಮ್ಯಾಲೆ ಕೊಡ್ರಿ ಮೇಡಮ್ಮಾರ. ಮೊದಲ 'ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತಿತ್ತು' ಅನ್ನೂದನ್ನ ಜೋರಾಗಿ ಅನಸ್ರಿ, ಯಾರ ನಾಲಿಗಿ ತೊಡರತದ ನೋಡ್ರಿ. ತೊಡರೂದು ಯಾಕ? ರಕಾರ ಬೆನ್ನಟ್ಟಿ ಬರಾಕತ್ತದ. ಅದೇ ವೃತ್ತ್ಯನುಪ್ರಾಸ. 'ಕೈ ಕೆಸರಾದರೆ ಬಾಯಿ ಮೊಸರು' ಅಂದ್ರ ಸಕಾರ ರಕಾರ ಜೋಡಿಯಾಗಿ ಎರಡ ಸಲ ಬಂದಾವ, ಅದು ಛೇಕಾನುಪ್ರಾಸದ ದಾರಿ. ಪ್ರಾಸ ಅಂದ್ರ ಜಾಗಾ ಗೊತ್ತಿರಬೇಕು, ಸಾಲಿನ ಎರಡನೇ ಅಕ್ಷರಾನೋ ಸಾಲಿನ ಕಡೀನೋ. ಅನುಪ್ರಾಸಕ್ಕ ಜಾಗಾದ ಹಂಗಿಲ್ಲ, ಎಲ್ಲಿ ಬೇಕಾದಲ್ಲಿ ಬರ್ತದ. ಇಷ್ಟು ಹೇಳಿದ್ರ ಸಾಕು, ಸಿಂಹಪ್ರಾಸ ಗಜಪ್ರಾಸ ಹಯಪ್ರಾಸ ಅಂತ ಆರೂ ಪ್ರಾಣಿ ಒಂದ ದಿನ ಬಿಡಬ್ಯಾಡ್ರಿ. ಕೇಳಿದವರಿಗೆ ಹೇಳ್ರಿ, ಇನತನೂಜದಾಗ ಪ್ರಾಸಾಕ್ಷರದ ಹಿಂದ ಹ್ರಸ್ವ ಇರೂದಕ್ಕ ಸಿಂಹ, ದೀರ್ಘ ಇದ್ದಿದ್ರ ಗಜ ಅಂತ. 'ವೇದ ಪುರುಷನ ಸುತನ ಸುತನ ಸ | ಹೋದರನ ಮೊಮ್ಮಗನ ಮಗನ ತ | ಳೋದರಿಯ' ಅನ್ನೂ ಪದ್ಯ ಐತೆಲ್ಲ, ವೇದ, ಹೋದ, ಳೋದ, ಅದು ಗಜ. ಮತ್ತ ಅದು ಒಗಟು. ಯಾರ ಮಗ, ಯಾರ ಮೊಮ್ಮಗ ಅಂತ ಬಿಡಿಸಿಕೋತ ಹೋದ್ರ ಅರ್ಜುನ, ಸುಭದ್ರಾ, ಕಂಸ, ಜರಾಸಂಧ, ಭೀಮ ಎಲ್ಲಾರನ್ನೂ ದಾಟಿ ಕಡೀಕ ಕೃಷ್ಣನ ಕಡೆ ಬಂದು ನಿಲ್ಲತೀರಿ. ಪಿರಿಯಡ್ ಬೆಲ್ ಹೊಡದ್ರೂ ಹುಡುಗೂರು ಏಳಂಗಿಲ್ಲ.

ಖಾಸಗಿ ಶಾಲೆ, ಬೆಂಗಳೂರು

ಪಟಪಟ ವಿಷ್ಯಕ್ಕೆ ನನ್ನದೊಂದು ಶಾರ್ಟ್‌ಕಟ್. ಅರ್ಧ ಕತ್ತರಿಸಿ ಅಂತೀನಿ. 'ಬೇಗ ಬೇಗ' ಕತ್ತರಿಸಿದ್ರೆ 'ಬೇಗ' ಉಳಿಯತ್ತೆ, ಅರ್ಥ ಇದೆ, ದ್ವಿರುಕ್ತಿ. 'ಪಟಪಟ' ಕತ್ತರಿಸಿದ್ರೆ ಉಳಿಯೋ 'ಪಟ'ಕ್ಕೂ ಮಳೆ ಸದ್ದಿಗೂ ಸಂಬಂಧ ಇಲ್ಲ, ಅನುಕರಣಾವ್ಯಯ. ಕಿಲಾಡಿಗಳು ಗಾಳಿಪಟ ಅಂತಾರೆ, ಅದಕ್ಕೆ ರೆಡಿ ಇರಿ. ಪಠ್ಯದಲ್ಲಿ ಇದು ವ್ಯಾಕರಣದ ಭಾಗಕ್ಕೆ ಸೇರಿದ್ದು, ಅಲಂಕಾರದ ಪಟ್ಟಿಯಲ್ಲಿ ಬರಲ್ಲ. ಆದ್ರೂ ಕವಿತೆ ಓದುವಾಗ ಕಿವಿಗೆ ಎರಡೂ ಒಟ್ಟಿಗೇ ಬೀಳತ್ತೆ, ಮಕ್ಕಳು ಬೆರೆಸಿಕೊಳ್ಳೋದು ನನಗಂತೂ ದೊಡ್ಡ ಅಪರಾಧ ಅನ್ಸಲ್ಲ.

ಈ ಸಲ ಎಸ್ಸೆಸ್ಸೆಲ್ಸಿ

ಸರ್ ಮೇಡಂ ಎಲ್ರೂ, ನಾನು ಸ್ಟೂಡೆಂಟ್, ಒಂದ್ ಡೌಟ್. ಪರೀಕ್ಷೆಲಿ ಭಾಮಿನಿದು ಮೂರನೇ ಸಾಲು ಮಾತ್ರ ಕೊಟ್ರೆ ಹೆಂಗ್ ಕಂಡುಹಿಡಿಯೋದು? ಹದಿನಾಲ್ಕು ಬರಲ್ವಲ್ಲ.

ಮೌಲ್ಯಮಾಪನಕ್ಕೆ ಹೋಗೋನು

ಇಪ್ಪತ್ಮೂರು ಬರತ್ತಪ್ಪ. ಮೂರು ನಾಲ್ಕು ಮೂರು ನಾಲ್ಕು ಮೂರು ನಾಲ್ಕು, ಕೊನೇಲಿ ಒಂದು ಒಂಟಿ ಗುರು. ವಾರ್ಧಕ ಆದ್ರೆ ಐದರ ಆರು ಗಣ, ಮೇಲೆ ಗುರು, ಮೂವತ್ತೆರಡು. ಈ ಮೂರನೇ ಸಾಲಿನ ಕೊನೇಲಿ ಲಘು ಇದ್ರೂ ಗುರು ಚಿಹ್ನೆನೇ ಹಾಕು, ಅದನ್ನ ಲಘು ಅಂತ ಬಿಟ್ರೆ ಮಾರ್ಕ್ಸ್ ಹೋಗತ್ತೆ.